ಆಟದೊಳಗೆ ಅಪ್ಪನ ದನಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಅಪ್ಪನ ಮೇಲಿನ ಸಿಟ್ಟಿಗೆ ನನ್ನ ಫೋನನ್ನೂ ಎತ್ತುವುದಿಲ್ಲ ನೀನು. ಅದಕ್ಕೇ ಈ ಕಾಗದ. ಅಪ್ಪನ ಗಂಟಲಿನ ಗಾಯ ಮಾಯ್ದಿದೆ, ಊಟ ಸೇರುತ್ತಿದೆ. ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆದಿರುವುದರಿಂದ ದನಿ ಇನ್ನು ಬರುವುದಿಲ್ಲ. ಮೂವತ್ತು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ನಿಲ್ದಾಣಗಳ ಹೆಸರು ಕೂಗಿದ ಮನುಷ್ಯ ಈಗ ನೀರು ಬೇಕೆಂದರೂ ಚೀಟಿ ಬರೆಯುತ್ತಾರೆ.

ನಾನು ಕಥೆ ಬರೆದ ವಿಡಿಯೋ ಗೇಮ್ ಬಿಡುಗಡೆಯಾಯಿತು. ಅದರ ನಾಯಕ ಒಬ್ಬ ಮುದಿ ದೋಣಿಯವ. ಆಪರೇಷನ್ನಿಗೆ ಮುಂಚೆ ಅವನಿಗೆ ಅಪ್ಪನಿಂದಲೇ ದನಿ ಕೊಡಿಸಿದ್ದೆ. ನಮ್ಮ ಆಫೀಸಿನ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ ಮೂರು ದಿನ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ನನ್ನ ಸಾಲುಗಳನ್ನು ತಿದ್ದಿ ತಿದ್ದಿ ಓದಿದ್ದರು. "ದೋಣಿಯವರು ಹೀಗೆ ಪುಸ್ತಕದ ಹಾಗೆ ಮಾತಾಡಲ್ಲ ಕಣೆ" ಎಂದು ನನ್ನನ್ನೇ ಗದರಿಸಿದ್ದರು. ಆಮೇಲೆ ನಮ್ಮ ನಿರ್ದೇಶಕರು ಮನಸ್ಸು ಬದಲಾಯಿಸಿದರು. "ಮಾತಾಡೋ ನಾಯಕನನ್ನ ಜನ ಹೊರಗಿನಿಂದ ನೋಡ್ತಾರೆ. ಸುಮ್ಮನಿರೋನ ಒಳಗೆ ಹೋಗಿ ಕೂರ್ತಾರೆ" ಎಂದರು. ವಾದ ಮಾಡೋಣವೆಂದರೆ, ಅವರು ಹೇಳಿದ್ದು ನಿಜ. ದೋಣಿಯವ ಸುಮ್ಮನಾದ ಮೇಲೆಯೇ ಕಥೆಗೆ ಜೀವ ಬಂತು. ಹಳೆಯ ಗೆಳೆಯ ಅವನನ್ನು ಕಂಡು ಮುಖ ತಿರುಗಿಸುತ್ತಾನೆ, ಮಗಳ ಮನೆಯ ಬಾಗಿಲು ಅರ್ಧವೇ ತೆರೆಯುತ್ತದೆ. ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ಇನ್ನು ಬೇಡವೆಂದು ಅಪ್ಪನ ರೆಕಾರ್ಡಿಂಗನ್ನೆಲ್ಲ ಅಳಿಸಿಬಿಟ್ಟಿದ್ದಾರೆಂದು ನನಗೆ ಗೊತ್ತಾದದ್ದು ಆಪರೇಷನ್ ಆದ ವಾರ.

ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ದಿನವೂ ತಿಂಡಿ ಮುಗಿಸಿ ಆಡಲು ಕೂರುತ್ತಿದ್ದರು. "ನನ್ನ ದನಿ ಯಾವಾಗ ಬರುತ್ತೆ?" ಎಂದು ಚೀಟಿ ತೋರಿಸಿದಾಗ, ಕೊನೆಯಲ್ಲಿ ಎಂದುಬಿಟ್ಟೆ. ನಿನ್ನೆ ಕೊನೆಯೂ ಬಂತು. ದೋಣಿಯವ ಹುಟ್ಟನ್ನು ಮೊಮ್ಮಗಳ ಕೈಗಿತ್ತು, ಮಾತಿಲ್ಲದೆ ದಡ ಹತ್ತಿ ಹೋದ. ಪರದೆಯ ಮೇಲೆ ಕೆಲಸಗಾರರ ಹೆಸರುಗಳೆಲ್ಲ ಮುಗಿಯುವವರೆಗೂ ಅಪ್ಪ ಕಿವಿಗೊಟ್ಟು ಕಾದರು. ಬಳಿಕ ಬರೆದರು: "ಎಲ್ಲೋ ದಾರಿ ತಪ್ಪಿದೀನಿ. ಮತ್ತೆ ಮೊದಲಿಂದ ಆಡ್ತೀನಿ." ಈಗಲೂ ಪಕ್ಕದ ಕೋಣೆಯಲ್ಲಿ ಆಡುತ್ತಿದ್ದಾರೆ. ನಾನು ಇಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ, ಬೇರೇನೂ ತೋಚುತ್ತಿಲ್ಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಮೈ ಕಡೆ ನಿಗಾ ಇರಲಿ.

ನಿನ್ನ ತಂಗಿ,
(ನೀನು ಕರೆಯುತ್ತಿದ್ದ ಹಾಗೆ) ಮೆಣಸಿನಕಾಯಿ

ತಾ.ಕ.: ನೀನು ಮನೆ ಬಿಟ್ಟ ಮೇಲೆ ಅಪ್ಪ ನಿನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರಂತೆ, ಅಮ್ಮ ಈಗ ಹೇಳಿದಳು. ಅವರ ಆ ಫೋನ್ ಕೆಟ್ಟುಹೋಗಿದೆ. ನೀನು ಕೇಳದೆ ಬಿಟ್ಟಿದ್ದರೂ ಸರಿ, ಅದರ ತುಂಬ ಬೈಗುಳವೇ ಇದ್ದರೂ ಸರಿ, ಕಳಿಸು ಅಣ್ಣಾ. ಅಳಿಸಿಬಿಟ್ಟಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ.