ಮೌನಪ್ಪಯ್ಯನ ಮೂರು ಮಾತು

ಬೋಳಾರ, ಮಂಗಳೂರು
೭ ಆಗಸ್ಟ್ ೧೯೩೬

ಮೊಳೆ ಹೊಡೆಯದೆ, ಅಚ್ಚಿನ ಮೊಳೆ ಜೋಡಿಸಿಯೇ ಬದುಕುವ ಲಿಗೋರಿ ಪೊರ್ಬುಗಳಿಗೆ ಸೇಸಪ್ಪನ ಅರ್ಧ ನಮಸ್ಕಾರ. ಉಳಿದರ್ಧ ನಿಮ್ಮ ಉತ್ತರ ನೋಡಿಕೊಂಡು.

ಅಕ್ಷರ ಗುಂಡಗೆ ಚಂದ ಉಂಟೆಂದು ಗಾಬರಿ ಬೇಡ. ಮಳೆಗಾಲದ ಥಂಡಿಗೆ ಕೈ ಸ್ವಲ್ಪ ನಡುಗುತ್ತದೆ. ನಾನು ಹೇಳುತ್ತಿದ್ದೇನೆ, ಮಗಳು ವಾರಿಜಾಕ್ಷಿ ಬರೆಯುತ್ತಿದ್ದಾಳೆ. ಕಣ್ಣಿಗೆ ಎಂತದೂ ಆಗಿಲ್ಲ. ಪ್ರೂಫು ತಿದ್ದುವವನ ಕಣ್ಣು ಗಿಡುಗನ ಕಣ್ಣು, ನಿಮಗೆ ಗೊತ್ತಿದ್ದದ್ದೇ.

ಈಗ ವಿಷಯ. ಹನ್ನೊಂದು ವರ್ಷದ ಹಿಂದೆ ಒಂದು ಶುಕ್ರವಾರ ನಮ್ಮ ವಾರಪತ್ರಿಕೆಯ ಎರಡನೇ ಪುಟದಲ್ಲಿ ಮೂರು ಗೆರೆ ಜಾಗ ಖಾಲಿ ಉಳಿಯಿತು. ಪ್ರೆಸ್ಸಿನ ಧಣಿಗಳು ಮಾಳಿಗೆಯಿಂದ ಕೂಗುತ್ತಿದ್ದರು. ನೀವು ತಲೆ ಕೆರೆದುಕೊಂಡು ಸೇಸಪ್ಪಣ್ಣ ಎಂತದಾದರೂ ಕೊಡಿ ಮಾರಾಯ್ರೇ ಅಂದಿರಿ. ನಾನು ಪ್ರೂಫಿನ ಅಂಚಿನಲ್ಲಿ ಗೀಚಿದೆ: ‘ಅಕ್ಕಿ ಆರಿಸುವಾಗ ಕಲ್ಲು ಕಾಣಬೇಕು, ಉಣ್ಣುವಾಗ ಅನ್ನ ಕಾಣಬೇಕು.’ ಯಾರ ಮಾತು ಅಂತ ಕೇಳಿದಿರಿ. ಮೌನಪ್ಪಯ್ಯ ಎಂಬ ಜ್ಞಾನಿಯದ್ದು ಅಂದೆ. ಹೆಸರು ಮೌನ, ಕೆಲಸ ವಾರಕ್ಕೊಂದು ಮಾತು! ನೀವು ನಗುತ್ತಾ ಜೋಡಿಸಿದಿರಿ.

ಅಂದಿನಿಂದ ಜಾಗ ಉಳಿದಾಗಲೆಲ್ಲ ಮೌನಪ್ಪಯ್ಯ ಬಾಯಿಬಿಟ್ಟರು. ಕೂಳೂರಿನವರೊಬ್ಬರು ಅವರ ಆಶ್ರಮದ ವಿಳಾಸ ಕೇಳಿ ಕಾರ್ಡು ಹಾಕಿದರು. ಕೊಟ್ಟಾರದ ಮಾಸ್ತರರೊಬ್ಬರ ಅಜ್ಜ ಅವರ ಕಾಲು ಮುಟ್ಟಿದ್ದರಂತೆ! ನಾನು ಕೂತಲ್ಲಿ ಕಾಲು ಮಡಚಿಕೊಂಡೆ. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಧಣಿಗಳಿಗೂ ಗೊತ್ತಿಲ್ಲ. ಈಗ ಬರೆಯುತ್ತಾ ಕೂತ ವಾರಿಜಾಕ್ಷಿಗೂ ಇವತ್ತೇ ಗೊತ್ತಾದದ್ದು.

ಹಾಗಾದರೆ ಪೊರ್ಬುಗಳೇ, ಜೂನ್ ತಿಂಗಳಿಂದ ಮೌನಪ್ಪಯ್ಯನ ಹೆಸರಿನಲ್ಲಿ ನಾನು ಹೇಳದ ಮಾತು ಅಚ್ಚಾಗುತ್ತಿರುವುದು ಹೇಗೆ?

ಮೊದಲನೆಯದನ್ನು ಕೇಳಿದ್ದು ದೋಣಿ ಕಡವಿನ ಬಳಿ ಅಹ್ಮದ್ ಬಾವನ ಚಹಾದ ಅಂಗಡಿಯಲ್ಲಿ. ಬಾವ ಗಿರಾಕಿಗಳಿಗೆ ಪತ್ರಿಕೆಯನ್ನು ದೊಡ್ಡಕ್ಕೆ ಓದಿ ಹೇಳುವುದು ವಾಡಿಕೆ. ಓದಿದ: ‘ನಗಿಸುವವನ ಮನೆಯಲ್ಲಿ ಅಳುವವರಿಗೆ ಮೂಲೆ ಸಿಗುವುದಿಲ್ಲ.’ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಇದು ನನ್ನದಲ್ಲ. ನನ್ನದಕ್ಕಿಂತ ಒಳ್ಳೆಯದು ಬೇರೆ!

ಎರಡನೆಯದು: ‘ಊರಿನ ತಪ್ಪು ತಿದ್ದುವವನು ತನ್ನ ಬಟ್ಟಲಿನ ಮೀನಿನ ಮುಳ್ಳು ಕಾಣದೆ ನುಂಗುತ್ತಾನೆ.’ ಇದು ನನ್ನ ಮೇಲೆಯೇ ಗುರಿಯಿಟ್ಟದ್ದು. ಮುಳ್ಳು ಸಿಕ್ಕಿಕೊಂಡದ್ದು ಹೌದು. ಬಾಳೆಹಣ್ಣು ನುಂಗಿ ಇಳಿಸಿದ್ದೂ ಹೌದು. ಆದರೆ ಅದು ನಡೆದದ್ದು ನನ್ನ ಅಡುಗೆಕೋಣೆಯಲ್ಲಿ. ನಿಮಗೆ ಯಾರು ಹೇಳಿದರು? ಮನೆಯಲ್ಲಿ ಇರುವುದು ನಾನು, ಮಗಳು, ಒಂದು ಬೆಕ್ಕು. ಬೆಕ್ಕಿಗೆ ನಿಮ್ಮ ಪರಿಚಯವಿಲ್ಲ.

ಮೂರನೆಯದು ಹೋದ ವಾರದ್ದು: ‘ದಡ ಕಾಣದ ಅಂಬಿಗ ಹುಟ್ಟನ್ನು ಮಕ್ಕಳ ಕೈಗೆ ಕೊಟ್ಟರೆ ದೋಣಿಗೆ ನಾಚಿಕೆಯಿಲ್ಲ, ನಾಚಿಕೆ ಅಂಬಿಗನಿಗೆ ಮಾತ್ರ.’ ಇದರ ಮೊದಲರ್ಧ ಮಾತ್ರ ನನಗೆ ಗೊತ್ತು. ಬಾವ ‘ಮಕ್ಕಳ ಕೈಗೆ ಕೊಟ್ಟರೆ’ ಅನ್ನುವಲ್ಲಿಗೆ ನಿಲ್ಲಿಸಿದ. ಪತ್ರಿಕೆಯ ಆ ಮೂಲೆ ಮಳೆಗೆ ನೆನೆದು ಹರಿದುಹೋಗಿತ್ತಂತೆ. ಉಳಿದದ್ದು ಎಂತ ಅಂತ ನಾಲ್ಕು ದಿನದಿಂದ ತಲೆಯೊಳಗೆ ಕೊರೆಯುತ್ತಾ ಉಂಟು.

ನನ್ನ ಅನುಮಾನ ನಿಮ್ಮ ಮೇಲೆಯೇ. ಮಳೆ ಹಿಡಿದಂದಿನಿಂದ ಮನೆಯಲ್ಲೇ ಕೂತು ತಿದ್ದುವ ಪ್ರೂಫು ನನ್ನ ಕೈಯಿಂದ ಹೊರಟರೆ ನಿಮ್ಮ ಕೈಗೇ ಬರುವುದು. ತರುವವಳು ವಾರಿಜಾಕ್ಷಿ, ಅವಳು ದಾರಿಯಲ್ಲಿ ಕಟ್ಟು ಬಿಚ್ಚುವವಳಲ್ಲ. ಕಳೆದ ವರ್ಷ ನಿಮ್ಮ ಕೊಡೆಯೊಳಗೆ ಒಣಮೀನು ಸಿಕ್ಕಿಸಿದ್ದು, ನೀವು ಕೊಡೆ ಬಿಡಿಸಿದಾಗ ಅದು ಇಗರ್ಜಿಯ ಬಾಗಿಲಲ್ಲಿ ಉದುರಿದ್ದು ನನ್ನ ಕೆಲಸವೇ, ಈಗ ಒಪ್ಪುತ್ತೇನೆ. ಆ ಸೇಡಾದರೆ ಹೇಳಿಬಿಡಿ. ಅಥವಾ ನನ್ನ ಕುರ್ಚಿಯ ಮೇಲೆ ಕಣ್ಣೋ?

ಸೋಮವಾರದ ಒಳಗೆ ಒಪ್ಪಿಕೊಳ್ಳದಿದ್ದರೆ ಧಣಿಗಳ ಹತ್ತಿರ ಹೋಗಿ ಮೌನಪ್ಪಯ್ಯನ ಜಾತಕ ಬಿಚ್ಚುತ್ತೇನೆ. ಓದುಗರಿಗೆ ಸುಳ್ಳು ಜ್ಞಾನಿಯನ್ನು ಜೋಡಿಸಿ ಕೊಟ್ಟ ಕೈ ನಿಮ್ಮದು ಅನ್ನುತ್ತೇನೆ. ಇಪ್ಪತ್ತಾರು ವರ್ಷ ನಿಂತ ಜಾಗದಿಂದ ನಿಮ್ಮನ್ನು ಇಳಿಸಿಯಾರು. ಇದು ತಮಾಷೆಯಲ್ಲ.

ನಿಮ್ಮವನೋ ಅಲ್ಲವೋ ಸೋಮವಾರ ಗೊತ್ತಾಗುವ,
ಸೇಸಪ್ಪ

ಲಿಗೋರಿ ಮಾಮ, ಇದು ವಾರಿಜಾಕ್ಷಿ. ಅಪ್ಪ ಸಹಿ ಹಾಕಿ ಚಾವಡಿಗೆ ಹೋಗಿದ್ದಾರೆ. ಸಹಿ ಕಾಗದದ ಅಂಚಿನಲ್ಲಿ ತುಂಡಾದದ್ದನ್ನು ನೋಡಿ, ಉಳಿದದ್ದು ಮೇಜಿನ ಮೇಲೆ ಉಂಟು. ಅಪ್ಪನ ಕೈ ನಡುಗುವುದಿಲ್ಲ. ಕಣ್ಣು ಹೋಗಿದೆ. ಜೂನ್‌ನಿಂದ ಅವರು ಪ್ರೂಫಿನ ಮೇಲೆ ಅಂದಾಜಿಗೆ ಗೀಟು ಹಾಕುತ್ತಾರೆ. ನಾನು ಪ್ರೆಸ್ಸಿನ ಹತ್ತಿರದ ಅಶ್ವತ್ಥ ಕಟ್ಟೆಯಲ್ಲಿ ಕೂತು ಕಟ್ಟು ಬಿಚ್ಚಿ, ಎಲ್ಲ ತಿದ್ದಿ ನಿಮಗೆ ಕೊಡುತ್ತೇನೆ. ಅಂಚಿನಲ್ಲಿ ಅಪ್ಪ ಮೌನಪ್ಪಯ್ಯನನ್ನು ಬರೆಯುತ್ತಿದ್ದದ್ದು ನನಗೆ ಮೊದಲೇ ಗೊತ್ತಿತ್ತು. ಈಗ ಅವರ ಹಾಗೆಯೇ ಅಕ್ಷರ ತಿರುಗಿಸಿ ಬರೆದವಳು ನಾನು. ಅಪ್ಪನದ್ದೇ ಅಂತ ನಂಬಿ ನೀವು ಜೋಡಿಸಿದಿರಿ. ನಿಮ್ಮದು ಎಂತದೂ ತಪ್ಪಿಲ್ಲ.

ಡಾಕ್ಟರರಿಗೆ ತೋರಿಸುವ ಅಂತ ಮೂರು ಸಲ ಮುಖಕ್ಕೆ ಹೇಳಿದೆ. ಮೂರು ಸಲವೂ ಅಪ್ಪ ನನ್ನನ್ನು ನಗಿಸಿ ಕಳಿಸಿದರು. ಮಗಳ ಮಾತು ಕೇಳದಿದ್ದರೂ ಮೌನಪ್ಪಯ್ಯನ ಮಾತನ್ನಾದರೂ ಓದಿಯಾರು ಅಂದುಕೊಂಡೆ. ಅಚ್ಚಾಗಿ ಬಂದ ಮೇಲೆ ಹೊಳೆಯಿತು, ಓದುವುದು ಯಾವ ಕಣ್ಣಿನಲ್ಲಿ?

ಧಣಿಗಳು ಕೇಳಿದರೆ ನನ್ನ ಹೆಸರು ಹೇಳಿ. ಅಪ್ಪನ ಕಣ್ಣಿನ ವಿಷಯ ಮಾತ್ರ ಹೇಳಬೇಡಿ, ದಮ್ಮಯ್ಯ. ಪ್ರೆಸ್ಸು ಬಿಟ್ಟರೆ ಅವರು ಉಳಿಯುವುದಿಲ್ಲ.

ವಾರಿಜಾಕ್ಷಿ

ಪೊರ್ಬುಗಳೇ, ಲಕೋಟೆ ಅಂಟಿಸುವ ಮೊದಲು ಒಂದು ಗೆರೆ ನನ್ನ ಕೈಯಲ್ಲೇ ಬರೆಯುತ್ತೇನೆ ಅಂತ ಕಾಗದ ವಾಪಸು ಕೇಳಿದೆ. ಅವಳು ಕೊಡಲು ಹೊತ್ತು ಮಾಡಿದಳು. ಅಕ್ಷರ ಕಜ್ಜಾಯದ ಹಾಗೆ ದೊಡ್ಡದು, ಗೆರೆಗೆ ಗೆರೆ ಹತ್ತಿದ್ದರೆ ಕ್ಷಮಿಸಿ. ಅವಳು ಮೇಲೆ ಎಂತ ಬರೆದಳೋ ಕಾಣುವುದಿಲ್ಲ, ಆದರೆ ಗೊತ್ತುಂಟು. ಮೂರನೆಯ ಮಾತನ್ನು ಹೇಳಿ ಬರೆಸುವಾಗ ನಾನು ಅರ್ಧಕ್ಕೆ ನಿಲ್ಲಿಸಿದೆ. ಅವಳ ಪೆನ್ನಿನ ಟಾಕಿನ ಸದ್ದು ನಿಲ್ಲಲಿಲ್ಲ. ಅಂಬಿಗನ ಸುದ್ದಿ ಅವಳು ಪೂರ್ತಿ ಬರೆದಳು. ಬೆಕ್ಕಿಗೆ ಬರೆಯಲು ಬರುವುದಿಲ್ಲ ಅಂತ ನನಗೆ ಮೊದಲೇ ಅನುಮಾನ ಇತ್ತು. ನಿಮ್ಮನ್ನು ಹೆದರಿಸಿದ್ದು ಅವಳ ಬಾಯಿ ಬಿಡಿಸಲಿಕ್ಕೆ. ಉಳಿದರ್ಧ ನಮಸ್ಕಾರ ಈಗ ತೆಗೆದುಕೊಳ್ಳಿ.

ಸೋಮವಾರ ನಾವಿಬ್ಬರೂ ಬರುತ್ತೇವೆ. ಧಣಿಗಳಿಗೆ ಕಣ್ಣಿನ ವಿಷಯ ನಾನೇ ಹೇಳುತ್ತೇನೆ. ಜೂನ್‌ನಿಂದ ಒಂದು ತಪ್ಪೂ ಇಲ್ಲದೆ ಪತ್ರಿಕೆ ಹೊರಟದ್ದು ಯಾರ ಕಣ್ಣಿನಿಂದ ಅಂತ ನೀವು ಹೇಳಬೇಕು. ಕುರ್ಚಿ ಅವಳಿಗೆ. ನನಗೆ ಪಕ್ಕದಲ್ಲಿ ಒಂದು ಸ್ಟೂಲು ಇದ್ದರೆ ಸಾಕು. ಅವಳು ಓದಲಿ, ಕೇಳುತ್ತೇನೆ.

ಅಂಬಿಗನ ಉಳಿದರ್ಧ ಎಂತ ಅಂತ ಮಾತ್ರ ಇವತ್ತೂ ಅವಳನ್ನು ಕೇಳಲು ಧೈರ್ಯ ಬರಲಿಲ್ಲ. ಸೋಮವಾರ ನೀವೇ ಓದಿ ಹೇಳಿ.