ಎತ್ತಿಕೊಟ್ಟ ಮಾತು

ಸೋಮವಾರ, ಮಧ್ಯಾಹ್ನ

ನನ್ನ ಜಗಳಗಂಟಿ ತಂಗಿಗೆ ಅಕ್ಕನ ಮನಸಾರೆ ಆಶೀರ್ವಾದ. ಪುಟ್ಟಿಯ ಎರಡೂ ಕೆನ್ನೆಗೆ ದೊಡ್ಡಮ್ಮನ ಮುತ್ತು.

ಇಷ್ಟು ದಿನವಾದರೂ ಅಕ್ಕನಿಂದ ಒಂದು ಕಾಗದವಿಲ್ಲ ಎಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಬೈದುಕೋ. ಆದರೆ ಇಲ್ಲಿ ಅಂಚೆಗೆ ಹಾಕಿದ ಕಾಗದವನ್ನು ನಿನಗಿಂತ ಮೊದಲು ಭಕ್ತಿ ಇಲಾಖೆಯವರು ಓದುತ್ತಾರೆ. ನಂಬಿಕಸ್ಥರೊಬ್ಬರು ಸಿಗಲಿ ಎಂದು ಕಾದೆ. ಕೆಲಸಕ್ಕಾಗಿ ಗಡಿ ದಾಟಿ ಹೋಗಿಬರುವ ನರ್ಸಮ್ಮ ಇದನ್ನು ತಲುಪಿಸುತ್ತಾರೆ. ಓದಿದ ಮೇಲೆ ಒಲೆಗೆ ಹಾಕಿಬಿಡು. ನನ್ನ ಕಾಗೆ ಕಾಲಿನ ಅಕ್ಷರವನ್ನು ಜೋಪಾನ ಮಾಡಿ ಆಗಬೇಕಾದ್ದೇನೂ ಇಲ್ಲ.

ಮೊದಲು ಒಳ್ಳೆಯ ಸುದ್ದಿ. ನಿಮ್ಮವರ ಬಿಡುಗಡೆಯಾಗಿದೆ. ಹೌದು ಕಣೇ, ನಿಜ. ಈಗ ನಮ್ಮ ಮನೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ, ನಾನು ಬರೆಯುತ್ತಿರುವ ಜಾಗದಿಂದ ಅವರ ಬೆನ್ನು ಕಾಣುತ್ತದೆ. ತುಂಬಾ ಇಳಿದುಹೋಗಿದ್ದಾರೆ, ಪ್ಯಾಂಟಿನ ಸೊಂಟ ಹಿಡಿಸಿ ಹೊಲಿದುಕೊಟ್ಟೆ. ಗಡಿ ದಾಟಲು ಅನುಮತಿ ಚೀಟಿ ಸಿಕ್ಕಿದೆ. ಗುರುವಾರದ ಬಸ್ಸಿಗೆ ನಾನು ಹತ್ತಿಸುತ್ತೇನೆ, ಅಲ್ಲಿ ನೀನು ಇಳಿಸಿಕೋ.

ಅವರು ಬಂದ ತಕ್ಷಣ ನೀನು ಎದುರು ಕೂತು, ಅದೇನಾಯಿತು ಇದೇನಾಯಿತು ಎಂದು ಶುರುಮಾಡುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಕೇಳಬೇಡ. ಎಲ್ಲವನ್ನೂ ನಾನೇ ಹೇಳಿಬಿಡುತ್ತೇನೆ.

ನೀನು ಪುಟ್ಟಿಯನ್ನು ಎತ್ತಿಕೊಂಡು ಹೊರಟುಹೋದ ವಾರವೇ ವಿಚಾರಣೆ ನಡೆಯಿತು. ಗುರುಪೀಠವೇ ಸರ್ಕಾರವಾದ ಮೇಲೆ ವಿಚಾರಣೆ ಎಂದರೆ ಇಷ್ಟೇ: ಒಂದು ಮೇಜು, ಆ ಕಡೆ ಇಲಾಖೆಯ ಅಧಿಕಾರಿ, ಈ ಕಡೆ ನಿಮ್ಮವರು. ನಮ್ಮ ನಾಟಕ ಕಂಪನಿಯಲ್ಲಿ ನಟರಿಗೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಎಂದು ನನ್ನನ್ನೂ ಕರೆಸಿದ್ದರು. ನಾಟಕದಲ್ಲಿ ನಿಮ್ಮವರ ಪಾತ್ರ, ಆ ದೀಪ ಹಚ್ಚುವವನು, ನ್ಯಾಯಸ್ಥಾನದ ಮುಂದೆ ಆಡುತ್ತಾನಲ್ಲ, “ದೇವರಿಗೆ ನನ್ನ ಮೇಲೆ ಸಿಟ್ಟಿದ್ದರೆ ಅವನೇ ಬಂದು ಹೇಳಲಿ, ನಡುವೆ ನೀವ್ಯಾರು?” ಎಂದು, ಅದೇ ಅಪರಾಧವಂತೆ. ಎಷ್ಟು ವರ್ಷದಿಂದ ಆಡಿದ ಮಾತು! ಬಾಡಿಗೆ ವಸೂಲಿಗೆ ಬಂದ ದಲ್ಲಾಳಿಗೂ ನಮ್ಮ ಬೀದಿಯಲ್ಲಿ “ನಡುವೆ ನೀವ್ಯಾರು?” ಎಂದು ತಮಾಷೆ ಮಾಡುತ್ತಿದ್ದರು, ನೆನಪಿದೆಯಾ?

“ಅದು ಪಾತ್ರದ ಮಾತು ಸಾರ್, ನನ್ನದಲ್ಲ” ಎಂದರು ನಿಮ್ಮವರು.

“ಪಾತ್ರಕ್ಕೆ ಬಾಯಿ ಇದೆಯೇನ್ರೀ? ಬಾಯಿ ನಿಮ್ಮದು ತಾನೇ? ಯಾರ ಬಾಯಿಂದ ಬಂತೋ, ಮಾತು ಅವರದ್ದು.”

“ಬರೆದವರು ಬೇರೆಯವರು ಸಾರ್.”

“ಹಾಗಾದ್ರೆ ಅವರನ್ನ ಕರೆಸಿ.”

“ತೀರಿಕೊಂಡು ತುಂಬಾ ಕಾಲ ಆಯ್ತು.”

ನಮ್ಮ ನಾಟಕಕಾರರು ಸತ್ತು ಬದುಕಿಕೊಂಡರು. ನಿಮ್ಮವರನ್ನು ಒಳಗೆ ಹಾಕಿದರು. ಅಲ್ಲಿ ಏನು ಮಾಡಿದರೋ ನನಗೆ ಗೊತ್ತಿಲ್ಲ. ಅವರೂ ಹೇಳಿಲ್ಲ. ಕೈಕಾಲು ನೆಟ್ಟಗಿವೆ, ಮೈಮೇಲೆ ಒಂದು ಗಾಯದ ಗುರುತೂ ಇಲ್ಲ. ಅದೇ ನನ್ನ ಭಯ.

ಆಮೇಲೆ ಒಂದು ದಿನ ಅದೇ ಅಧಿಕಾರಿ ಥಿಯೇಟರಿಗೆ ಬಂದ. ನಿಮ್ಮವರು ತಮ್ಮ ಹಳೆಯ ಪಾತ್ರವನ್ನೇ ಜನರ ಮುಂದೆ ಇನ್ನೊಮ್ಮೆ ಆಡಬೇಕು, ಕೊನೆಯಲ್ಲಿ ದೀಪ ಹಚ್ಚುವವನು ಗುರುಗಳ ಕಾಲಿಗೆ ಬಿದ್ದು ಪಶ್ಚಾತ್ತಾಪ ಪಡಬೇಕು. ಸರಿಯಾಗಿ ಆಡಿದರೆ ಬಿಡುಗಡೆ, ನಿನ್ನ ಹತ್ತಿರ ಬರಲು ಅನುಮತಿ. ಇಲ್ಲದಿದ್ದರೆ ಆಸೆ ಬಿಡಿ ಎಂದ. ನಿರ್ದೇಶನವೂ ಅವನದೇ! ಬಂದ ಮೊದಲ ದಿನವೇ ಪರದೆಯಲ್ಲಿ ಸಿಕ್ಕಿಕೊಂಡು, ದಾರಿ ಕಾಣದೆ, “ಯಾರಿದ್ದೀರ್ರೀ ಅಲ್ಲಿ?” ಎಂದು ಕೂಗಾಡಿದ. ಅವತ್ತಿನಿಂದ ನಮ್ಮ ದರ್ಜಿ ಮಾಮನ ಬಾಯಲ್ಲಿ ಅವನು ಪರದೆಯಪ್ಪ.

ಈ ಪರದೆಯಪ್ಪನಿಗೆ ಒಂದು ದೊಡ್ಡ ಸಂಕಟ. ಪಾಪದ ಮಾತು ಇಲ್ಲದಿದ್ದರೆ ಪಶ್ಚಾತ್ತಾಪ ಯಾತಕ್ಕೆ? ಮಾತು ಇದ್ದರೆ ಅದನ್ನು ಮತ್ತೊಮ್ಮೆ ಆಡಿಸಿದ ಪಾಪ ಇಲಾಖೆಗೇ ಸುತ್ತಿಕೊಳ್ಳುತ್ತದೆ. ಯೋಚಿಸಿ ಯೋಚಿಸಿ ಕೊನೆಗೆ ಉಪಾಯ ಕಂಡುಹಿಡಿದ. ಆ ಜಾಗದಲ್ಲಿ ನಿಮ್ಮವರು ತುಟಿ ಮಾತ್ರ ಆಡಿಸಬೇಕು, ಸದ್ದು ಬರಬಾರದು. ಮೇಳದವರು ಅದನ್ನು ಕೇಳಿಸಿಕೊಂಡವರಂತೆ ಕಿವಿ ಮುಚ್ಚಿಕೊಂಡು, “ಅಯ್ಯೋ ಪಾಪಿ, ಇದೆಂಥ ಮಾತು!” ಎನ್ನಬೇಕು.

“ಮೀನಿನ ಪಾತ್ರ ಅಂತ ಮೊದಲೇ ಹೇಳಿದ್ರೆ ಬಾಲ ಹೊಲಿದುಕೊಡ್ತಿದ್ದೆನಲ್ಲ ಸಾರ್” ಎಂದ ದರ್ಜಿ ಮಾಮ. ನಾವೆಲ್ಲ ನಕ್ಕೆವು. ನಿಮ್ಮವರು ನಗಲಿಲ್ಲ. ತುಟಿ ಆಡಿಸುವುದನ್ನು ಅಭ್ಯಾಸ ಮಾಡುತ್ತಲೇ ಇದ್ದರು, ಊಟಕ್ಕೆ ಕೂತಾಗಲೂ.

ಪ್ರದರ್ಶನದ ಮಧ್ಯಾಹ್ನ ಥಿಯೇಟರು ತುಂಬಿತ್ತು, ಬರದೆ ಇದ್ದರೆ ಯಾಕೆ ಬರಲಿಲ್ಲ ಎಂದು ಮನೆಗೇ ಬಂದು ಕೇಳುತ್ತಾರಲ್ಲ. ನಾನು ಎಂದಿನಂತೆ ಬಲಗಡೆಯ ವಿಂಗಿನಲ್ಲಿ, ಪರದೆಯ ಮರೆಗೆ, ಸ್ಟೂಲಿನ ಮೇಲೆ ಕೂತಿದ್ದೆ. ನ್ಯಾಯಸ್ಥಾನದ ದೃಶ್ಯ ಬಂತು. ನಿಮ್ಮವರು ಮುಂದೆ ಬಂದು ನಿಂತರು. ತುಟಿ ಆಡಿತು. ಸದ್ದಿಲ್ಲ. ಮೇಳದವರು ಹೆದರಿ ತಮ್ಮ ಮಾತನ್ನು ಎತ್ತಿಕೊಳ್ಳುವುದು ಒಂದು ಕ್ಷಣ ತಡವಾಯಿತು.

ನಮ್ಮ ಎದುರುಮನೆಯ ಟೀಚರಮ್ಮ ಮುಂದಿನ ಸಾಲಿನಲ್ಲಿದ್ದರು. ಅವರಿಗೆ ಕಿವಿ ಮಂದ, ಆದರೆ ಈ ನಾಟಕ ಪೂರ್ತಿ ಬಾಯಿಪಾಠ. ನಟರು ಮಾತು ಮರೆತರೆ ನಮ್ಮ ಹಳೆಯ ಪ್ರೇಕ್ಷಕರು ಕೂತಲ್ಲಿಂದಲೇ ಎತ್ತಿಕೊಡುತ್ತಾರೆ, ಆ ಚಾಳಿ ನಿನಗೆ ಗೊತ್ತೇ ಇದೆ. ನಾಯಕಿಯಾಗಿ ನೀನೇ ಎಷ್ಟು ಸಲ ಬಚಾವಾಗಿಲ್ಲ! ಟೀಚರಮ್ಮ ಪಾಪ, ಮೇಳವೂ ತಡವರಿಸಿದ್ದನ್ನು ಕಂಡು, ನಿಮ್ಮವರು ಮಾತು ಮರೆತು ಒದ್ದಾಡುತ್ತಿದ್ದಾರೆ ಎಂದುಕೊಂಡರು. ತರಗತಿಯಲ್ಲಿ ಹುಡುಗರಿಗೆ ಹೇಳಿಕೊಡುವ ಹಾಗೆ, ಸ್ಪಷ್ಟವಾಗಿ, “ದೇವರಿಗೆ ನನ್ನ ಮೇಲೆ ಸಿಟ್ಟಿದ್ದರೆ…” ಎಂದರು.

ಉಳಿದದ್ದನ್ನು ಥಿಯೇಟರು ಪೂರ್ತಿ ಮಾಡಿತು. ಯಾರೂ ಕೂಗಲಿಲ್ಲ ಕಣೇ. ಎಲ್ಲರೂ ತಮ್ಮ ಪಾಡಿಗೆ ತಾವು ಗೊಣಗಿಕೊಂಡರು, ಬಾಯಿಗೆ ಬಂದುಬಿಟ್ಟಿತು ಅಷ್ಟೇ. ಆದರೆ ಅಷ್ಟು ಜನರ ಗೊಣಗು ಒಟ್ಟು ಸೇರಿದಾಗ ನನ್ನ ಸ್ಟೂಲು ನಡುಗಿತು. “ನಡುವೆ ನೀವ್ಯಾರು?” ಈಗಲೂ ಪಾತ್ರೆ ತೊಳೆಯುವಾಗ, ನಲ್ಲಿ ನಿಲ್ಲಿಸಿದ ಕೂಡಲೇ, ಆ ಗೊಣಗು ನನಗೆ ಕೇಳಿಸುತ್ತದೆ.

ದೀಪಗಳು ಹತ್ತಿಕೊಂಡವು, ಬಾಗಿಲುಗಳು ಮುಚ್ಚಿಕೊಂಡವು. ಪರದೆಯಪ್ಪ ರಂಗದ ಮೇಲೆ ಬಂದು, “ಮೊದಲು ಶುರುಮಾಡಿದ್ದು ಯಾರು?” ಎಂದು ಕಿರುಚಿದ. ಟೀಚರಮ್ಮನಿಗೆ ಪಕ್ಕದವರು ಸೆರಗು ಜಗ್ಗಿದರೂ ಅರ್ಥವಾಗಲಿಲ್ಲ. ಎದ್ದುನಿಂತು ಕೈ ಎತ್ತಿದರು.

“ನಾನೇ ಹೇಳಿಕೊಟ್ಟಿದ್ದು ಸಾರ್. ಪಾಪ, ಅವನು ಮರೆತಿದ್ದ. ಅವನನ್ನ ಬೈಬೇಡಿ.”

“ಸರಿ. ಹೇಳಿಕೊಟ್ಟ ಮಾತು ಹೇಳಿಕೊಟ್ಟವರದ್ದು” ಎಂದ ಪರದೆಯಪ್ಪ. ಅವರನ್ನು ಮೆಟ್ಟಿಲಿಳಿಸಿ ಕರೆದುಕೊಂಡು ಹೋದರು. ಆ ಸಾಲಿನವರನ್ನೆಲ್ಲ ಕರೆದುಕೊಂಡು ಹೋದರು. ನಿಮ್ಮವರು ಕದಲದೆ, ಬಾಯಿ ಅರ್ಧ ತೆರೆದುಕೊಂಡೇ ನಿಂತಿದ್ದರು. ಪರದೆಯಪ್ಪ ಅವರ ಬೆನ್ನು ತಟ್ಟಿ, “ನಿಮ್ಮ ಬಾಯಿಂದ ಸದ್ದು ಬರಲಿಲ್ಲ, ನಾನೇ ನೋಡಿದ್ದೀನಿ. ನೀವು ಹೋಗಬಹುದು” ಎಂದ.

ಹೀಗೆ ಬಿಡುಗಡೆಯಾಯಿತು. ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಟೀಚರಮ್ಮ ವಾಪಸು ಬಂದಿಲ್ಲ. ಅವರ ಕನ್ನಡಕ ಕುರ್ಚಿಯ ಕೆಳಗೆ ಸಿಕ್ಕಿತು. ಇಲಾಖೆಯ ಬಾಗಿಲಿಗೆ ಹೋಗಿ, ಕನ್ನಡಕವಿಲ್ಲದೆ ಅವರಿಗೆ ಏನೂ ಕಾಣುವುದಿಲ್ಲ, ಇದನ್ನಾದರೂ ತಲುಪಿಸಿ ಎಂದು ಅಂಗಲಾಚಿದೆ. ಅಂಥವರು ಯಾರೂ ಇಲ್ಲಿಲ್ಲ ಎಂದರು. ಬೀದಿಯಲ್ಲಿ ಈಗ ಒಬ್ಬರಿಗೊಬ್ಬರು ತಲೆ ಆಡಿಸುತ್ತಾರೆ, ಮಾತಾಡುವುದಿಲ್ಲ. ಥಿಯೇಟರಿಗೆ ಬೀಗ ಬಿದ್ದಿದೆ. ದರ್ಜಿ ಮಾಮ ಇಲಾಖೆಯವರ ನಿಲುವಂಗಿ ಹೊಲಿಯುತ್ತಾನೆ, ಹೊಟ್ಟೆಪಾಡು. ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾನೆ.

ನನ್ನ ಚಿಂತೆ ಮಾಡಬೇಡ. ಹೊಲಿಗೆ ನನಗೂ ಬರುತ್ತದೆ, ಒಂದು ಹೊಟ್ಟೆ ಹೇಗೋ ನಡೆಯುತ್ತದೆ. ಅವರಿಗೆ ಬೆಚ್ಚಗಿನ ಬಟ್ಟೆ ಕಟ್ಟಿಟ್ಟಿದ್ದೇನೆ. ಹಟ ಮಾಡಬೇಡ, ಅವರ ಮೇಲೆ ಸಿಡುಕಬೇಡ. ನೀವು ಮೂವರೂ ಒಂದೇ ಸೂರಿನಡಿ ಚೆನ್ನಾಗಿರಿ, ಪುಟ್ಟಿ ಬಾಯಿ ತುಂಬ ಮಾತಾಡಿಕೊಂಡು ಬೆಳೆಯಲಿ. ನಾನು ಬೇಡಿಕೊಳ್ಳುವುದು ಇಷ್ಟೇ. ಯಾರನ್ನು ಬೇಡಿಕೊಳ್ಳುತ್ತಿದ್ದೇನೆ ಎಂದು ಮಾತ್ರ ಈಗೀಗ ಗೊತ್ತಾಗುತ್ತಿಲ್ಲ.

ಇಂತಿ, ನಿನ್ನನ್ನು ಬೈಯಲು ಪಕ್ಕದಲ್ಲಿಲ್ಲವಲ್ಲ ಎಂದು ಕೊರಗುವ,
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ನೀನು ಬಸ್ ನಿಲ್ದಾಣದಲ್ಲಿ ಬೆಚ್ಚಿಬೀಳಬಾರದು.

ನಿಮ್ಮವರು ತಾವಾಗಿ ಮಾತಾಡುವುದಿಲ್ಲ. ಗಂಟಲು ಸರಿಯಾಗಿಯೇ ಇದೆ, ಡಾಕ್ಟರು ನೋಡಿದರು. “ಟೀ ಕುಡೀತೀರಾ?” ಎಂದರೆ ಓರೆಗಣ್ಣಿನಲ್ಲಿ ನನ್ನ ಕಡೆ ನೋಡುತ್ತಾರೆ, ರಂಗದ ಮೇಲಿಂದ ವಿಂಗಿನ ಕಡೆ ನೋಡುವ ಹಾಗೆ. “ಹೂಂ, ಕುಡೀತೀನಿ” ಎಂದು ನಾನೇ ಮೆಲ್ಲಗೆ ಎತ್ತಿಕೊಡಬೇಕು. ಆಗ ಅದನ್ನೇ ಹೇಳುತ್ತಾರೆ. “ಸಾಕು” ಎನ್ನುವುದೂ ನಾನೇ, “ನಿದ್ದೆ ಬರ್ತಿದೆ” ಎನ್ನುವುದೂ ನಾನೇ. ಬಂದಾಗಿನಿಂದ ನಾನು ಎತ್ತಿಕೊಡದ ಒಂದು ಮಾತೂ ಅವರ ಬಾಯಿಂದ ಬಂದಿಲ್ಲ.

ನಿನ್ನೆ ನಿನ್ನ ಫೋಟೊ ಅವರ ಕೈಗೆ ಕೊಟ್ಟು, “ಇವಳು ಯಾರು, ಹೇಳಿ ನೋಡೋಣ?” ಎಂದೆ. ಕಣ್ಣು ತುಂಬಿ ಬಂತು. ನನ್ನ ಕಡೆ ನೋಡುತ್ತಾ ಕಾದರು. ಇದೊಂದನ್ನು ಎತ್ತಿಕೊಡುವುದಿಲ್ಲ ಎಂದು ನಾನೂ ಹಟ ಹಿಡಿದು ಸುಮ್ಮನೆ ಕೂತೆ. ಟೀ ಆರಿ ಕೆನೆಗಟ್ಟಿತು. ಕೊನೆಗೆ ನಾನೇ ಸೋತು ನಿನ್ನ ಹೆಸರನ್ನು ಪಿಸುಗುಟ್ಟಿದೆ. ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ! ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಗುರುವಾರ ಬಸ್ಸಿನಿಂದ ಇಳಿದು ನಿನ್ನನ್ನೇ ನೋಡುತ್ತಾ ನಿಲ್ಲುತ್ತಾರೆ. ಪುಟ್ಟಿ ಅಪ್ಪಾ ಎಂದು ಓಡಿಬರುತ್ತಾಳೆ. ಅಷ್ಟರೊಳಗೆ ನೀನು ಅವರ ಕಿವಿಯ ಹತ್ತಿರ ಹೋಗಿ, ಮಗುವಿಗೆ ಕೇಳಿಸದ ಹಾಗೆ, ಅವಳ ಹೆಸರನ್ನು ಎತ್ತಿಕೊಡು.