ಸದ್ದಿಲ್ಲದ ಗಂಟೆ

ಜುಲೈ ೧೪, ಮಂಗಳವಾರ

ನಾನು ಅವಸರ ಮಾಡಬಾರದಿತ್ತು.

ಇವತ್ತು ಎಂಟನೇ ತರಗತಿಗೆ ನಿರ್ವಾತದ ಪಾಠ. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಬಡಿದುಕೊಳ್ಳುತ್ತಿತ್ತು. ಪಂಪಿನಿಂದ ಗಾಳಿ ತೆಗೆಯುತ್ತಾ ಹೋದ ಹಾಗೆ ಸದ್ದು ಸಣ್ಣಗಾಗಿ ಅಡಗಿಹೋಯಿತು. "ಗಂಟೆ ಹೊಡೀತಾನೇ ಇದೆ, ಕೇಳಿಸ್ತಾನೇ ಇಲ್ವಲ್ಲ!" ಎಂದು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಂದಿನ ಬೆಂಚಿನಲ್ಲಿ ಕೂರುವ, ಹುಟ್ಟಿನಿಂದ ಕಿವಿ ಕೇಳದ ಹುಡುಗಿ ಅವರ ಮುಖ ನೋಡಿ ನಕ್ಕಳು. ಅವಳು ತರಗತಿಯಲ್ಲಿ ನಕ್ಕಿದ್ದು ಇದೇ ಮೊದಲು. ಚೀಟಿ ಬರೆದು ಕೊಟ್ಟಳು: "ಈಗ ಇವ್ರೂ ನನ್ ಥರಾನೇ. ಸ್ವಲ್ಪ ಹೊತ್ತು ಹೀಗೇ ಇರ್ಲಿ ಟೀಚರ್."

ಪೀರಿಯಡ್ ಮುಗಿಯಿತೆಂದು ನಾನು ಜಾಡಿಯೊಳಗೆ ಮತ್ತೆ ಗಾಳಿ ಬಿಟ್ಟೆ, ಗಂಟೆಯ ಸದ್ದು ಮರಳಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆ ತಗ್ಗಿಸಿದಳು.

ನಾನೊಬ್ಬಳೇ ಇರುವ ಈ ಮನೆಯಲ್ಲಿ ನನಗೂ ಮಾತಾಡಲು ಯಾರೂ ಇಲ್ಲ. ಆದರೂ ಅವಳಿಗೆ ಎರಡು ನಿಮಿಷ ಕೊಡಲು ನನ್ನ ಕೈಲಾಗಲಿಲ್ಲ. ಪ್ರಯೋಗವನ್ನು ನಾಳೆ ಮತ್ತೆ ಮಾಡಬಹುದು, ಆದರೆ ಆ ನಗು...